ಇಂಗ್ಲಿಷ್‌ನಲ್ಲಿ ಕಣ್ಣಿಗೆ ಕಟ್ಟುವಂತೆ ಹೋಲಿಸುವುದು ಹೇಗೆ?

ಕನ್ನಡದಲ್ಲಿ ಇಬ್ಬರನ್ನು ಹೋಲಿಸುವಾಗ ಗುಣವಾಚಕವನ್ನು ನಾವು ಮುಟ್ಟುವುದೇ ಇಲ್ಲ. ‘ಅವಳು ಎತ್ತರ’, ‘ಅವಳು ನನಗಿಂತ ಎತ್ತರ’. ಎರಡರಲ್ಲೂ ‘ಎತ್ತರ’ ಇದ್ದ ಹಾಗೇ ಇದೆ. ಬದಲಾದದ್ದು ‘ನಾನು’ ಎಂಬ ಪದ. ಅದು ‘ನನಗಿಂತ’ ಆಯಿತು. ಇಂಗ್ಲಿಷ್‌ನಲ್ಲಿ ಇದು ಪೂರ್ತಿ ತಿರುವುಮುರುವು. ಅಲ್ಲಿ ಹೋಲಿಕೆಯ ಗುರುತು ಬೀಳುವುದು ಗುಣವಾಚಕದ ಮೇಲೆ: ‘ಟಾಲ್’ ಹೋಗಿ ‘ಟಾಲರ್’ ಆಗುತ್ತದೆ. ನಮ್ಮ ‘ಗಿಂತ’ ಪದದ ಬಾಲಕ್ಕೆ ಅಂಟಿದರೆ, ಅವರ ‘ದ್ಯಾನ್’ ಪದದ ಮುಂದೆ ಬಂದು ಬಿಡಿಯಾಗಿ ನಿಲ್ಲುತ್ತದೆ.

ಕನ್ನಡಿಗರು ಇಂಗ್ಲಿಷ್‌ನಲ್ಲಿ ಹೋಲಿಸುವಾಗ ಎಡವುವುದಕ್ಕೆ ಮುಖ್ಯ ಕಾರಣ ಇದೇ. ‘ಶೀ ಈಸ್ ಟಾಲ್ ದ್ಯಾನ್ ಮೀ’ ಎಂದರೆ ಕನ್ನಡದ ಲೆಕ್ಕದಲ್ಲಿ ಇಂಗ್ಲಿಷ್ ಮಾತಾಡಿದಂತೆ: ‘ಗಿಂತ’ ಬಂತಲ್ಲ, ಇನ್ನೇನು ಬೇಕು ಅನ್ನಿಸುತ್ತದೆ. ‘ಶೀ ಈಸ್ ಮೋರ್ ಟಾಲರ್’ ಎಂದರೆ ಒಂದೇ ಗುರುತನ್ನು ಎರಡು ಸಲ ಹಾಕಿದಂತೆ.

ಶಾಲೆಯಲ್ಲಿ ‘ಡಿಗ್ರೀಸ್ ಆಫ್ ಕಂಪ್ಯಾರಿಸನ್’ ಪಟ್ಟಿಯನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಆ ಪಟ್ಟಿ ಕಲಿಸುವುದು ಅರ್ಧ ಕೆಲಸವನ್ನು ಮಾತ್ರ. ಗುಣವಾಚಕದ ರೂಪ ಸರಿಯಾದರೆ ವಾಕ್ಯ ತಪ್ಪಿಲ್ಲದೆ ನಿಲ್ಲುತ್ತದೆ, ಅಷ್ಟೇ. ಅದಕ್ಕೆ ಜೀವ ಬರುವುದು ‘ದ್ಯಾನ್’ ಆದಮೇಲೆ ಏನನ್ನು ಇಡುತ್ತೀರಿ ಎಂಬುದರಿಂದ. ಮೊದಲು ರೂಪವನ್ನು ಬೇಗ ಮುಗಿಸಿಕೊಂಡು, ಆಮೇಲೆ ಆ ಇನ್ನರ್ಧಕ್ಕೆ ಹೋಗೋಣ.

ಮೊದಲು ಕಿವಿಯಿಂದ ಎಣಿಸಿ

ಇ-ಆರ್ ಹಚ್ಚಬೇಕೋ ‘ಮೋರ್’ ಹಾಕಬೇಕೋ ಎಂಬುದನ್ನು ತೀರ್ಮಾನಿಸುವುದು ಪದದಲ್ಲಿರುವ ಅಕ್ಷರಗಳ ಸಂಖ್ಯೆಯಲ್ಲ, ಉಚ್ಚಾರದಲ್ಲಿ ಕೇಳಿಸುವ ಸ್ವರಗಳ ಸಂಖ್ಯೆ. ‘ಸ್ಟ್ರೇಂಜ್’ ಬರೆಯುವಾಗ ಏಳು ಅಕ್ಷರ, ಕೇಳುವಾಗ ಒಂದೇ ಸ್ವರ. ಹಾಗಾಗಿ ‘ಸ್ಟ್ರೇಂಜರ್’.

ಇಲ್ಲಿ ಕನ್ನಡದ ನಾಲಿಗೆ ಒಂದು ಮೋಸ ಮಾಡುತ್ತದೆ. ವ್ಯಂಜನದಲ್ಲಿ ನಿಲ್ಲುವ ಪದ ನಮಗೆ ಒಗ್ಗದು. ‘ಕೋಲ್ಡು’, ‘ಬಿಗ್ಗು’, ‘ಫಾಸ್ಟು’ ಎಂದು ಕೊನೆಗೊಂದು ಉಕಾರ ಸೇರಿಸಿಕೊಳ್ಳುತ್ತೇವೆ. ಹಾಗೆ ಹೇಳಿಕೊಂಡು ಎಣಿಸಿದರೆ ಒಂದು ಸ್ವರದ ಪದ ಎರಡರದ್ದಾಗಿ ಕೇಳುತ್ತದೆ, ‘ಮೋರ್ ಕೋಲ್ಡ್’ ಎಂಬ ತಪ್ಪು ಸಹಜ ಅನ್ನಿಸತೊಡಗುತ್ತದೆ. ಎಣಿಸುವ ಮುಂಚೆ ಆ ಉಕಾರವನ್ನು ಕಿತ್ತುಹಾಕಿ.

ಒಂದೇ ಸ್ವರ ಇದ್ದರೆ ಇ-ಆರ್: ಕೋಲ್ಡರ್, ಫಾಸ್ಟರ್, ಥಿಕ್ಕರ್, ಡೀಪರ್. ಮೂರು ಅಥವಾ ಹೆಚ್ಚಿದ್ದರೆ ‘ಮೋರ್’: ಮೋರ್ ಬ್ಯೂಟಿಫುಲ್, ಮೋರ್ ಡಿಫಿಕಲ್ಟ್, ಮೋರ್ ಎಕ್ಸ್‌ಪೆನ್ಸಿವ್. ತಲೆನೋವು ಇರುವುದು ಎರಡು ಸ್ವರದ ಪದಗಳಲ್ಲಿ. ವೈ ಅಕ್ಷರದಲ್ಲಿ ಮುಗಿಯುವ ಹ್ಯಾಪಿ, ಬಿಝಿ, ಹೆವಿ, ಡರ್ಟಿ ಇವಕ್ಕೆ ಇ-ಆರ್. ನ್ಯಾರೋ, ಸಿಂಪಲ್, ಜೆಂಟಲ್, ಕ್ಲೆವರ್, ಕ್ವಯಟ್ ಇವಕ್ಕೂ ಇ-ಆರ್ ಚೆನ್ನಾಗಿ ಒಗ್ಗುತ್ತದೆ: ನ್ಯಾರೋವರ್, ಸಿಂಪ್ಲರ್, ಜೆಂಟ್ಲರ್, ಕ್ಲೆವರರ್, ಕ್ವಯಟರ್. ‘ಫುಲ್’, ‘ಲೆಸ್’, ‘ಅಸ್’ ಎಂಬ ಬಾಲ ಇರುವ ಕೇರ್‌ಫುಲ್, ಯೂಸ್‌ಲೆಸ್, ಫೇಮಸ್ ಥರದವಕ್ಕೆ ಯಾವಾಗಲೂ ‘ಮೋರ್’. ಪೊಲೈಟ್, ಕಾಮನ್‌ನಂಥ ಕೆಲವು ಪದಗಳಿಗೆ ಎರಡೂ ಸಲ್ಲುತ್ತದೆ. ಎರಡು ಸ್ವರದ ಪದದಲ್ಲಿ ಅನುಮಾನ ಬಂದರೆ ‘ಮೋರ್’ ಹಾಕಿಬಿಡಿ. ಅದು ಕಿವಿಗೆ ಸ್ವಲ್ಪ ಭಾರ ಅನ್ನಿಸಬಹುದು, ತಪ್ಪು ಅನ್ನಿಸುವುದು ಕಡಿಮೆ. ‘ಫೇಮಸರ್’ ಎಂದರೆ ಮಾತ್ರ ಎಲ್ಲರೂ ತಲೆ ಎತ್ತಿ ನೋಡುತ್ತಾರೆ.

ಒಂದೇ ಸ್ವರವಿದ್ದರೂ ‘ಮೋರ್’ ಬಯಸುವ ಒಂದು ಗುಂಪಿದೆ. ಟಯರ್ಡ್, ಬೋರ್ಡ್, ಪ್ಲೀಸ್ಡ್‌ನಂತೆ ಕ್ರಿಯಾಪದದಿಂದ ಹುಟ್ಟಿದವು, ಜೊತೆಗೆ ರೈಟ್, ರಾಂಗ್, ರಿಯಲ್, ಫನ್. ‘ಟಯರ್ಡರ್’ ಎಂಬ ಪದ ಕೇಳುವುದೇ ಅಪರೂಪ. ‘ಮೋರ್ ಟಯರ್ಡ್’ ಎನ್ನಿ. ಇದಕ್ಕೆ ಎದುರಾದದ್ದೂ ಉಂಟು: ‘ಅನ್‌ಹ್ಯಾಪಿ’ಯಲ್ಲಿ ಮೂರು ಸ್ವರ, ಆದರೂ ‘ಅನ್‌ಹ್ಯಾಪಿಯರ್’ ಸರಿ. ಮುಂದೆ ಅಂಟಿದ ‘ಅನ್’ ಲೆಕ್ಕಕ್ಕೆ ಬರುವುದಿಲ್ಲ.

ಸ್ಪೆಲ್ಲಿಂಗ್ ಕೈಕೊಡುವ ಜಾಗ

ಇ ಅಕ್ಷರದಲ್ಲಿ ಮುಗಿಯುವ ಪದಕ್ಕೆ ಬರೀ ಆರ್ ಸಾಕು: ವೈಡರ್, ಸೇಫರ್, ಲಾರ್ಜರ್. ವೈಯಲ್ಲಿ ಮುಗಿದು ಅದರ ಹಿಂದೆ ವ್ಯಂಜನವಿದ್ದರೆ ವೈ ಹೋಗಿ ಐ ಬರುತ್ತದೆ: ಹೆವಿಯರ್, ಡ್ರೈಯರ್, ಬಿಝಿಯರ್. ‘ಗ್ರೇ’ ಪದದಲ್ಲಿ ವೈ ಹಿಂದೆ ಸ್ವರವಿರುವುದರಿಂದ ವೈ ಹಾಗೇ ಉಳಿಯುತ್ತದೆ.

ಕೊನೆಯ ವ್ಯಂಜನ ಎರಡಾಗುವ ನಿಯಮವನ್ನು ಉರು ಹೊಡೆಯುವುದಕ್ಕಿಂತ ಕಾರಣ ತಿಳಿದುಕೊಂಡರೆ ಮರೆಯುವುದಿಲ್ಲ. ಇಂಗ್ಲಿಷ್ ಬರಹದಲ್ಲಿ ಒಂಟಿ ವ್ಯಂಜನದ ಮುಂದೆ ಇ ಬಂದರೆ ಅದರ ಹಿಂದಿನ ಸ್ವರವನ್ನು ಓದುಗರು ಎಳೆದು ಓದುತ್ತಾರೆ. ವ್ಯಂಜನ ಎರಡಾದರೆ ಮೊಟಕಾಗಿ ಓದುತ್ತಾರೆ. ಒಂದೇ ಟಿ ಇದ್ದರೆ ‘ಲೇಟರ್’, ಎರಡು ಟಿ ಇದ್ದರೆ ‘ಲ್ಯಾಟರ್’; ಅರ್ಥವೇ ಬೇರೆ. ‘ಬಿಗ್’, ‘ಹಾಟ್’, ‘ಥಿನ್’, ‘ವೆಟ್’, ‘ಸ್ಯಾಡ್’ ಇವುಗಳ ಮೊಟಕು ಸ್ವರವನ್ನು ಕಾಯಲು ಜಿ, ಟಿ, ಎನ್, ಟಿ, ಡಿ ಎರಡೆರಡಾಗುತ್ತವೆ. ‘ಕೂಲ್’, ‘ಡೀಪ್’ ಪದಗಳಲ್ಲಿ ಸ್ವರಾಕ್ಷರವೇ ಎರಡಿದೆ, ಕಾಯಬೇಕಾದ್ದಿಲ್ಲ. ‘ಕೋಲ್ಡ್’, ‘ಥಿಕ್’ ಪದಗಳ ಕೊನೆಯಲ್ಲಿ ಆಗಲೇ ಎರಡು ವ್ಯಂಜನ ಇವೆ. ಡಬ್ಲ್ಯೂ ಎಂದೂ ಎರಡಾಗುವುದಿಲ್ಲ: ಸ್ಲೋವರ್, ನ್ಯೂವರ್, ಲೋವರ್.

‘ದ್ಯಾನ್’ ಮತ್ತು ‘ದೆನ್’ ನಡುವಿನ ವ್ಯತ್ಯಾಸ ಒಂದೇ ಅಕ್ಷರ. ಹೋಲಿಕೆಗೆ ಎ, ಕಾಲಕ್ಕೆ ಇ. ಸ್ಪೆಲ್ ಚೆಕ್ ಇದನ್ನು ಎಷ್ಟೋ ಸಲ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ ಆದ್ದರಿಂದ.

ಉಚ್ಚಾರದಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿ: ‘ಲಾಂಗ್’, ‘ಸ್ಟ್ರಾಂಗ್’, ‘ಯಂಗ್’ ಪದಗಳ ಕೊನೆಯಲ್ಲಿ ಬಿಡಿ ಗಕಾರ ಕೇಳಿಸುವುದಿಲ್ಲ, ಮೂಗಿನ ಧ್ವನಿಯಲ್ಲೇ ಪದ ನಿಲ್ಲುತ್ತದೆ. ಇ-ಆರ್ ಹಚ್ಚಿದ ಕೂಡಲೇ ಗಕಾರ ಏಳುತ್ತದೆ. ‘ಲಾಂಗರ್’, ‘ಸ್ಟ್ರಾಂಗರ್’, ‘ಯಂಗರ್’ ಮೂರನ್ನೂ ‘ಅಂಗಳ’ದಲ್ಲಿ ಗ ಕೇಳುವಷ್ಟು ಸ್ಪಷ್ಟವಾಗಿ ಹೇಳಬೇಕು. ಹಾಡುಗಾರ ಎಂಬರ್ಥದ ‘ಸಿಂಗರ್’ನಲ್ಲಿ ಮಾತ್ರ ಹಾಗಿಲ್ಲ.

ದಾರಿ ತಪ್ಪಿದವು ಕೆಲವೇ ಇವೆ: ಗುಡ್‌ಗೆ ಬೆಟರ್, ಬ್ಯಾಡ್‌ಗೆ ವರ್ಸ್, ಮಚ್ ಮತ್ತು ಮೆನಿಗೆ ಮೋರ್, ಲಿಟಲ್‌ಗೆ ಲೆಸ್, ಫಾರ್‌ಗೆ ಫಾರ್ದರ್ ಅಥವಾ ಫರ್ದರ್. ‘ಬೆಟರ್’ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ‘ಅದಕ್ಕಿಂತ ಇದೇ ವಾಸಿ’ ಎನ್ನುತ್ತೇವೆ, ‘ಜ್ವರ ವಾಸಿಯಾಯಿತು’ ಎಂದೂ ಎನ್ನುತ್ತೇವೆ. ‘ಬೆಟರ್’ಗೂ ಇದೇ ಎರಡು ಅರ್ಥ. ‘ಐ ಆ್ಯಮ್ ಬೆಟರ್ ನೌ’ ಎಂದರೆ ಈಗ ಮೈಗೆ ವಾಸಿ.

ಕನ್ನಡದಿಂದ ನುಸುಳುವ ತಪ್ಪುಗಳು

‘ನನಗಿಂತ ತುಂಬಾ ಎತ್ತರ’ ಎನ್ನುವುದು ಕನ್ನಡದಲ್ಲಿ ಸರಿ. ಅದನ್ನೇ ‘ವೆರಿ ಟಾಲರ್ ದ್ಯಾನ್ ಮೀ’ ಎಂದು ಹೊತ್ತೊಯ್ದರೆ ತಪ್ಪು. ‘ವೆರಿ’ ಬರಿಯ ಗುಣವಾಚಕದ ಜೊತೆ ಮಾತ್ರ ಕೂರುತ್ತದೆ. ಹೋಲಿಕೆಯ ರೂಪಕ್ಕೆ ‘ಮಚ್’, ‘ಫಾರ್’, ‘ಎ ಲಾಟ್’. ಸ್ವಲ್ಪ ಎನ್ನಲು ‘ಎ ಬಿಟ್’, ‘ಎ ಲಿಟಲ್’, ‘ಸ್ಲೈಟ್‌ಲಿ’. ನಮ್ಮ ‘ಇನ್ನೂ’ಗೆ ‘ಈವನ್’. ‘ಅವನು ಎತ್ತರ, ಅವನ ತಮ್ಮ ಇನ್ನೂ ಎತ್ತರ’ ಎಂಬಲ್ಲಿ ‘ಈವನ್ ಟಾಲರ್’ ಹಾಕಿದರೆ ಅಣ್ಣನೂ ಎತ್ತರದವನೇ ಎಂಬ ಸೂಚನೆ ಉಳಿಯುತ್ತದೆ. ‘ಮಚ್ ಟಾಲರ್’ ಹಾಕಿದರೆ ಅದು ಹೋಗುತ್ತದೆ. ಅಣ್ಣ ಗಿಡ್ಡನೂ ಇರಬಹುದು.

‘ಮೋರ್ ಬೆಟರ್’ ಥರದ ಜೋಡಿ ಗುರುತು ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್‌ನಲ್ಲಿ ಸಲ್ಲುತ್ತಿತ್ತು. ಇಂದಿನ ಬರಹದಲ್ಲಿ ಸಲ್ಲದು. ‘ಮಚ್ ಬೆಟರ್’ ಎನ್ನಿ, ಒತ್ತು ಬೇಕೆಂದು ಮನಸ್ಸು ಬಯಸಿದ್ದು ಅದರಲ್ಲೇ ಸಿಗುತ್ತದೆ.

ಎಷ್ಟು ಹೆಚ್ಚು ಎಂಬ ಅಳತೆ ಹೋಲಿಕೆಯ ರೂಪದ ಮುಂಚೆ ಬರುತ್ತದೆ. ಎವರೆಸ್ಟ್ 8,849 ಮೀಟರ್, ಕೆ2 ಶಿಖರ 8,611 ಮೀಟರ್. ‘ಎವರೆಸ್ಟ್ ಈಸ್ 238 ಮೀಟರ್ಸ್ ಹೈಯರ್ ದ್ಯಾನ್ ಕೆ2’. ಎರಡು ಪಟ್ಟು ಎನ್ನಲು ಮಾತ್ರ ಕಟ್ಟು ಬೇರೆ: ‘ಟ್ವೈಸ್ ಆ್ಯಸ್ ಬಿಗ್ ಆ್ಯಸ್’. ‘ಟ್ವೈಸ್ ಬಿಗರ್ ದ್ಯಾನ್’ ಬೇಡ. ‘ತ್ರೀ ಟೈಮ್ಸ್ ಬಿಗರ್’ ಬಳಕೆಯಲ್ಲಿದ್ದರೂ ಅದು ಮೂರು ಪಟ್ಟೋ ನಾಲ್ಕು ಪಟ್ಟೋ ಎಂಬ ಗೊಂದಲ ಹುಟ್ಟಿಸುತ್ತದೆ. ಅಂಕಿ ಮುಖ್ಯವಾಗಿರುವಲ್ಲಿ ‘ತ್ರೀ ಟೈಮ್ಸ್ ಆ್ಯಸ್ ಬಿಗ್ ಆ್ಯಸ್’ ಎಂದೇ ಬರೆಯಿರಿ.

‘ಎಲ್ಲರಿಗಿಂತ ಎತ್ತರ’ ಎಂಬುದು ನಮಗೆ ಮೂರನೆಯ ಡಿಗ್ರಿಯ ಕೆಲಸ ಮಾಡುತ್ತದೆ. ಇಂಗ್ಲಿಷ್‌ನಲ್ಲಿ ಅದಕ್ಕೆ ‘ದ ಟಾಲೆಸ್ಟ್’ ಇದೆ. ಹೋಲಿಕೆಯ ರೂಪವೇ ಬೇಕೆಂದರೆ ‘ಎನಿ ಅದರ್’ ಸೇರಬೇಕು: ‘ಜೂಪಿಟರ್ ಈಸ್ ಬಿಗರ್ ದ್ಯಾನ್ ಎನಿ ಅದರ್ ಪ್ಲಾನೆಟ್ ಇನ್ ದ ಸೋಲಾರ್ ಸಿಸ್ಟಮ್’. ‘ಅದರ್’ ಬಿಟ್ಟರೆ ಗುರುಗ್ರಹ ತನಗಿಂತ ತಾನೇ ದೊಡ್ಡದು ಎಂದಾಗುತ್ತದೆ, ಅದೂ ಒಂದು ಗ್ರಹವೇ ತಾನೆ.

ಸಮಾನವಾದುದನ್ನು ಸಮಾನವಾದುದಕ್ಕೇ ಹೋಲಿಸಬೇಕು. ‘ನಮ್ಮ ಮನೆಯ ಬಾಗಿಲು ಅವರ ಮನೆಗಿಂತ ಅಗಲ’ ಎಂದರೆ ಕನ್ನಡ ಕೇಳುಗ ಬಾಗಿಲಿಗೆ ಬಾಗಿಲು ಎಂದು ತಾನೇ ಹೊಂದಿಸಿಕೊಳ್ಳುತ್ತಾನೆ. ಇಂಗ್ಲಿಷ್ ಬರಹದಲ್ಲಿ ಆ ರಿಯಾಯಿತಿ ಕಡಿಮೆ. ‘ಅವರ್ ಡೋರ್ ಈಸ್ ವೈಡರ್ ದ್ಯಾನ್ ದೇರ್ ಹೌಸ್’ ಎಂದರೆ ಮನೆಗಿಂತ ದೊಡ್ಡ ಬಾಗಿಲು! ‘ದ್ಯಾನ್ ದೇರ್ಸ್’ ಎಂದರೆ ಮುಗಿಯಿತು. ಉದ್ದ ವಾಕ್ಯದಲ್ಲಿ ‘ದ್ಯಾನ್ ದಟ್ ಆಫ್’, ಬಹುವಚನಕ್ಕೆ ‘ದ್ಯಾನ್ ದೋಸ್ ಆಫ್’.

ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಲ್ಯಾಟಿನ್‌ನಿಂದ ಬಂದವು. ಅವುಗಳ ಜೊತೆ ‘ದ್ಯಾನ್’ ಅಲ್ಲ, ‘ಟು’. ಇಬ್ಬರೇ ಇದ್ದಾಗ ‘ದ ಟಾಲರ್ ಆಫ್ ದ ಟೂ’ ಎಂದು ‘ದ’ ಸೇರುತ್ತದೆ. ‘ಎಲ್ಡರ್’ ಕುಟುಂಬದವರಿಗೆ ನಾಮಪದದ ಮುಂದೆ ಮಾತ್ರ; ‘ಎಲ್ಡರ್ ದ್ಯಾನ್ ಮೀ’ ಎನ್ನುವಂತಿಲ್ಲ, ‘ಓಲ್ಡರ್ ದ್ಯಾನ್ ಮೀ’.

ಇನ್ನೊಂದು ಸೂಕ್ಷ್ಮ. ಒಬ್ಬನೇ ವ್ಯಕ್ತಿಯ ಎರಡು ಗುಣಗಳನ್ನು ತೂಗುವಾಗ ಪುಟ್ಟ ಪದಕ್ಕೂ ‘ಮೋರ್’ ಬರುತ್ತದೆ. ‘ಅವಳಿಗೆ ಕೋಪಕ್ಕಿಂತ ದುಃಖವೇ ಹೆಚ್ಚಾಗಿತ್ತು’ ಎನ್ನಲು ‘ಶೀ ವಾಸ್ ಮೋರ್ ಸ್ಯಾಡ್ ದ್ಯಾನ್ ಆ್ಯಂಗ್ರಿ’. ಇಲ್ಲಿ ‘ಸ್ಯಾಡರ್’ ಹಾಕಿದರೆ ವಾಕ್ಯ ಮುರಿಯುತ್ತದೆ. ಕಥೆ ಬರೆಯುವವರಿಗೆ ಇದು ಬಹಳ ಉಪಯೋಗದ ಕಟ್ಟು. ಒಂದೇ ಸಾಲಿನಲ್ಲಿ ಎರಡು ಭಾವಗಳು ಸಿಗುತ್ತವೆ.

ದ್ಯಾನ್ ಆದಮೇಲೆ ಏನು?

ಈಗ ವಿಷಯದ ತಿರುಳಿಗೆ ಬರೋಣ. ‘ದ ಬಾಕ್ಸ್ ವಾಸ್ ಹೆವಿಯರ್ ದ್ಯಾನ್ ದ ಅದರ್ ಬಾಕ್ಸ್’ ಎಂಬುದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಆ ಇನ್ನೊಂದು ಪೆಟ್ಟಿಗೆಯ ತೂಕ ಓದುಗನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲದ್ದಕ್ಕೆ ಹೋಲಿಸಿದರೆ ಚಿತ್ರ ಮೂಡುವುದಿಲ್ಲ. ಆದ್ದರಿಂದ ಮೊದಲ ಕೆಲಸ, ‘ದ್ಯಾನ್’ ಆಚೆಗೆ ಓದುಗನ ಕೈ, ಕಣ್ಣು, ಕಿವಿ ಆಗಲೇ ಬಲ್ಲ ವಸ್ತುವನ್ನು ಇಡುವುದು.

ಆ ವಸ್ತು ಎರಡು ಪರೀಕ್ಷೆ ದಾಟಬೇಕು. ಯಾವ ಗುಣವನ್ನು ಹೋಲಿಸುತ್ತಿದ್ದೀರೋ ಆ ಗುಣ ಅದರಲ್ಲಿ ಎದ್ದು ಕಾಣಬೇಕು: ‘ರಫರ್’ ಎಂದಮೇಲೆ ಮುಟ್ಟಿದರೆ ಚುಚ್ಚುವಂಥದ್ದು ಬರಬೇಕು. ‘ಹಿಸ್ ಪಾಮ್ಸ್ ವರ್ ರಫರ್ ದ್ಯಾನ್ ಬಾರ್ಕ್’. ಮರದ ತೊಗಟೆ ಎಲ್ಲರೂ ಮುಟ್ಟಿ ನೋಡಿದ್ದೇ. ಎರಡನೆಯದಾಗಿ, ಅದು ಆ ದೃಶ್ಯದೊಳಗೇ ಸಿಗುವಂತಿದ್ದರೆ ಇನ್ನೂ ಚೆನ್ನ. ಕಾಯಿಲೆಯ ಕೋಣೆಯಲ್ಲಿ ಮಲಗಿದವನ ಮುಖ ಬಿಳಿಚಿದೆ ಎನ್ನಲು ಹಿಮಪರ್ವತಕ್ಕೆ ಹೋಗಬೇಕಾಗಿಲ್ಲ. ತಲೆಯ ಕೆಳಗೇ ದಿಂಬಿದೆ: ‘ಹಿಸ್ ಫೇಸ್ ವಾಸ್ ಪೇಲರ್ ದ್ಯಾನ್ ದ ಪಿಲೋ’. ಮುಖ, ದಿಂಬು ಎರಡೂ ಒಂದೇ ನೋಟಕ್ಕೆ ಸಿಕ್ಕವು. ಓದುಗ ಕೋಣೆ ಬಿಟ್ಟು ಹೊರಗೆ ಹೋಗಲಿಲ್ಲ.

‘ವೈಟರ್ ದ್ಯಾನ್ ಸ್ನೋ’, ‘ಲೈಟರ್ ದ್ಯಾನ್ ಎ ಫೆದರ್’, ‘ಕೋಲ್ಡರ್ ದ್ಯಾನ್ ಐಸ್’ ಇವು ಸವೆದು ನುಣ್ಣಗಾದ ಮಾತುಗಳು. ಇವನ್ನು ಓದುವಾಗ ಯಾರ ಕಣ್ಣಿಗೂ ಹಿಮ ಕಾಣುವುದಿಲ್ಲ. ಮೊದಲು ಹೊಳೆದ ಹೋಲಿಕೆ ಹೆಚ್ಚಾಗಿ ಬೇರೆಯವರ ಬಾಯಿಂದ ಬಂದದ್ದೇ ಆಗಿರುತ್ತದೆ. ಅದನ್ನು ಬದಿಗಿಟ್ಟು, ಆ ಜಾಗದಲ್ಲಿ ನಿಂತವರ ಕೈಗೆಟಕುವ ನಾಲ್ಕೈದು ವಸ್ತುಗಳನ್ನು ಬರೆದುಕೊಳ್ಳಿ, ಅವುಗಳಲ್ಲೊಂದನ್ನು ಆರಿಸಿ.

ಕನ್ನಡದ ಉಪಮೆಯನ್ನು ಹಾಗೇ ಎತ್ತಿಕೊಂಡು ಹೋಗುವ ಮುಂಚೆಯೂ ಒಂದು ಕ್ಷಣ ನಿಲ್ಲಿ. ‘ಆಮೆಗಿಂತ ನಿಧಾನ’ ಎರಡೂ ಕಡೆ ನಡೆಯುತ್ತದೆ. ಗೂಬೆ ನಡೆಯುವುದಿಲ್ಲ: ಕನ್ನಡದಲ್ಲಿ ‘ಗೂಬೆ’ ಎಂದರೆ ಬೈಗುಳ, ಇಂಗ್ಲಿಷ್‌ನಲ್ಲಿ ಗೂಬೆ ಜಾಣತನದ ಗುರುತು. ‘ವೈಸರ್ ದ್ಯಾನ್ ಆ್ಯನ್ ಔಲ್’ ಅಲ್ಲಿ ಹೊಗಳಿಕೆ.

ವಸ್ತುವನ್ನೇ ಇಡಬೇಕೆಂದೇನೂ ಇಲ್ಲ. ನನ್ನ ಲೆಕ್ಕದಲ್ಲಿ ಇಂಗ್ಲಿಷ್‌ನ ಅತ್ಯಂತ ಶಕ್ತಿಯ ಹೋಲಿಕೆ ಎಂದರೆ ಇರುವುದನ್ನು ಅಂದುಕೊಂಡದ್ದಕ್ಕೆ ಹೋಲಿಸುವುದು. ‘ದ ಬಾಕ್ಸ್ ವಾಸ್ ಹೆವಿಯರ್ ದ್ಯಾನ್ ಇಟ್ ಲುಕ್ಡ್’. ನೋಡಿದರೆ ಹಗುರ, ಎತ್ತಿದರೆ ಭಾರ: ಕೈಗಳು ಬೆಚ್ಚಿ ಕೆಳಗೆ ಜಗ್ಗಿದ್ದು ಆ ಏಳು ಪದಗಳೊಳಗೇ ಇದೆ. ‘ಹರ್ ವಾಯ್ಸ್ ವಾಸ್ ಸ್ಮಾಲರ್ ದ್ಯಾನ್ ಐ ರಿಮೆಂಬರ್ಡ್’ ಎಂದರೆ ನೆನಪಿನ ದನಿ, ಈಗಿನ ದನಿ, ನಡುವೆ ಕಳೆದ ವರ್ಷಗಳು ಮೂರೂ ಬಂದವು. ‘ದ ರೋಡ್ ವಾಸ್ ಲಾಂಗರ್ ದ್ಯಾನ್ ದ ಮ್ಯಾಪ್ ಪ್ರಾಮಿಸ್ಡ್’ ಎಂಬಲ್ಲಿ ದಾರಿಯ ಉದ್ದದ ಜೊತೆ ನಡೆಯುವವನ ಆಯಾಸವೂ ಇದೆ. ಇಂಥ ವಾಕ್ಯ ಕಟ್ಟಲು ಉಪಮೆಯ ಪ್ರತಿಭೆ ಬೇಕಿಲ್ಲ. ‘ದ್ಯಾನ್’ ಆದಮೇಲೆ ಒಂದು ಪುಟ್ಟ ಉಪವಾಕ್ಯ ಇಟ್ಟರೆ ಸಾಕು: ಇಟ್ ಲುಕ್ಡ್, ಐ ರಿಮೆಂಬರ್ಡ್, ಹೀ ಅಡ್ಮಿಟೆಡ್, ಎನಿವನ್ ಎಕ್ಸ್‌ಪೆಕ್ಟೆಡ್.

ಇನ್ನೊಂದು ದಾರಿ, ಒಂದೇ ವಸ್ತುವಿನ ಒಳಗೇ ಹೋಲಿಸುವುದು. ಉಷ್ಟ್ರಪಕ್ಷಿಯ ಕಣ್ಣು ಅದರ ಮಿದುಳಿಗಿಂತ ದೊಡ್ಡದು: ‘ಆ್ಯನ್ ಆಸ್ಟ್ರಿಚ್ಸ್ ಐ ಈಸ್ ಬಿಗರ್ ದ್ಯಾನ್ ಇಟ್ಸ್ ಬ್ರೇನ್’. ಶುಕ್ರಗ್ರಹ ತನ್ನ ಸುತ್ತ ಒಂದು ಸಲ ತಿರುಗಲು ಸುಮಾರು 243 ಭೂದಿನ ಹಿಡಿಯುತ್ತದೆ, ಸೂರ್ಯನ ಸುತ್ತ ಬರಲು ಸುಮಾರು 225. ಅಂಕಿಗಳನ್ನು ಹೇಳಿದರೆ ಓದುಗ ತಲೆಯಾಡಿಸುತ್ತಾನೆ. ‘ಎ ಡೇ ಆನ್ ವೀನಸ್ ಈಸ್ ಲಾಂಗರ್ ದ್ಯಾನ್ ಇಟ್ಸ್ ಇಯರ್’ ಎಂದರೆ ನಿಂತುಬಿಡುತ್ತಾನೆ. ವಿಜ್ಞಾನದ ಬರಹಕ್ಕೂ ಹೋಲಿಕೆ ಅಲಂಕಾರವಲ್ಲ, ಅಳತೆಯನ್ನು ಅರ್ಥವಾಗಿಸುವ ಸಾಧನ.

ಈಚೆಯ ಪದವನ್ನೂ ತೀಡಬೇಕು. ‘ಬಿಗರ್’, ‘ಬೆಟರ್’, ‘ನೈಸರ್’ ಇವು ಮಸುಕು ಪದಗಳು. ದೊಡ್ಡದು ಎಂದರೆ ಅಗಲವೇ, ಎತ್ತರವೇ, ದಪ್ಪವೇ? ‘ವೈಡರ್’, ‘ಟಾಲರ್’, ‘ಥಿಕ್ಕರ್’ ಎಂದರೆ ಆಕಾರ ಕಾಣುತ್ತದೆ. ಒಳ್ಳೆಯವಳು ಎನ್ನುವಲ್ಲಿ ‘ಕೈಂಡರ್’, ‘ಕಾಮರ್’, ‘ಜೆಂಟ್ಲರ್’ ಎಂದರೆ ಮನುಷ್ಯಳು ಕಾಣುತ್ತಾಳೆ. ಕ್ರಿಯಾಪದವೂ ಹೀಗೇ. ಎಲ್ಲ ಕಡೆ ‘ವಾಸ್’ ಬೇಡ. ‘ಫೆಲ್ಟ್ ಕೋಲ್ಡರ್’ ಎಂದರೆ ಚರ್ಮದ ಅನುಭವ, ‘ಸೌಂಡೆಡ್ ಓಲ್ಡರ್’ ಎಂದರೆ ಕಿವಿಯದು, ‘ಗ್ರೂ ಡಾರ್ಕರ್’ ಎಂದರೆ ಕಣ್ಣೆದುರು ಆಗುತ್ತಿರುವ ಬದಲಾವಣೆ.

‘ನೋ’ ಎಂಬ ಪುಟ್ಟ ಪದ ಹೋಲಿಕೆಯನ್ನು ತಲೆಕೆಳಗು ಮಾಡುತ್ತದೆ. ‘ದ ರೂಮ್ ವಾಸ್ ನೋ ವೈಡರ್ ದ್ಯಾನ್ ಎ ಬೆಡ್’ ಎಂದರೆ ಹಾಸಿಗೆಯ ಅಗಲಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ. ‘ವೆರಿ ಸ್ಮಾಲ್’ ಕೊಡದ ಇಕ್ಕಟ್ಟು ಇದರಲ್ಲಿದೆ. ನಮ್ಮ ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯ ಬಲವೂ ಆ ‘ಇಲ್ಲ’ದಲ್ಲೇ ಇದೆ. ಅದರ ಇಂಗ್ಲಿಷ್ ಸೋದರ ‘ನಥಿಂಗ್ ಈಸ್ ಹಾರ್ಡರ್ ದ್ಯಾನ್ ವೇಟಿಂಗ್’ ಎಂಬ ಅಚ್ಚು.

ಉತ್ಪ್ರೇಕ್ಷೆ ಮಾಡುವುದಾದರೆ ಪೂರ್ತಿ ಮಾಡಿ, ಇಲ್ಲವೇ ನಿಖರವಾಗಿರಿ. ‘ದ ಮೀಟಿಂಗ್ ವಾಸ್ ಲಾಂಗರ್ ದ್ಯಾನ್ ವಿಂಟರ್’ ಎಂದರೆ ಅತಿಶಯ ಎಂದು ಯಾರಿಗೂ ಗೊತ್ತಾಗುತ್ತದೆ. ‘ಲಾಂಗರ್ ದ್ಯಾನ್ ನೈನ್ ಅವರ್ಸ್’ ಎಂದರೆ, ನಿಜಕ್ಕೂ ಒಂಬತ್ತು ಗಂಟೆ ದಾಟಿರದಿದ್ದರೆ, ಅದು ಸುಳ್ಳಾಗುತ್ತದೆ.

‘ಯುನೀಕ್’, ‘ಡೆಡ್’, ‘ಪರ್ಫೆಕ್ಟ್’ ಥರದ ಪದಗಳಿಗೆ ಮೇಲು-ಕೀಳಿನ ಮೆಟ್ಟಿಲಿಲ್ಲ. ಒಂದು ವಸ್ತು ಅನನ್ಯವಾಗಿರುತ್ತದೆ, ಇಲ್ಲವೇ ಇಲ್ಲ. 1787ರ ಅಮೆರಿಕದ ಸಂವಿಧಾನದ ಪೀಠಿಕೆಯಲ್ಲೇ ‘ಎ ಮೋರ್ ಪರ್ಫೆಕ್ಟ್ ಯೂನಿಯನ್’ ಎಂದಿದೆ, ನಿಜ. ಆದರೂ ಪರೀಕ್ಷೆ, ಅರ್ಜಿ, ವರದಿಗಳಲ್ಲಿ ‘ಕ್ಲೋಸರ್ ಟು ಪರ್ಫೆಕ್ಟ್’ ಎಂದು ಬರೆದರೆ ತಕರಾರು ಬರುವುದಿಲ್ಲ.

ಜೋಡಿ ಕಟ್ಟುಗಳು

ನಮ್ಮ ‘ಎಷ್ಟು... ಅಷ್ಟು’ಗೆ ಇಂಗ್ಲಿಷ್‌ನಲ್ಲಿ ಎರಡು ‘ದ’. ‘ಕತ್ತಲೆ ಎಷ್ಟು ಹೆಚ್ಚೋ ನಕ್ಷತ್ರ ಅಷ್ಟು ಪ್ರಕಾಶ’: ‘ದ ಡಾರ್ಕರ್ ದ ನೈಟ್, ದ ಬ್ರೈಟರ್ ದ ಸ್ಟಾರ್ಸ್’. ಎರಡೂ ಭಾಗ ‘ದ’ದಿಂದಲೇ ಶುರುವಾಗಬೇಕು, ಎರಡರಲ್ಲೂ ಹೋಲಿಕೆಯ ರೂಪವೇ ಇರಬೇಕು. ನಡುವೆ ‘ಸೋ’ ಅಥವಾ ‘ದಟ್ ಮಚ್’ ತುರುಕುವುದು ಕನ್ನಡದ ‘ಅಷ್ಟು’ವಿನ ಪ್ರಭಾವ, ಬಿಟ್ಟುಬಿಡಿ.

ಹೊತ್ತು ಹೋದಂತೆ ಹೆಚ್ಚುವುದಕ್ಕೆ ಹೋಲಿಕೆಯ ರೂಪವನ್ನು ‘ಆ್ಯಂಡ್’ ಹಾಕಿ ಎರಡು ಸಲ ಹೇಳುತ್ತಾರೆ: ‘ಕೋಲ್ಡರ್ ಆ್ಯಂಡ್ ಕೋಲ್ಡರ್’. ಉದ್ದ ಪದವಾದರೆ ‘ಮೋರ್’ ಮಾತ್ರ ಎರಡಾಗುತ್ತದೆ: ‘ಮೋರ್ ಆ್ಯಂಡ್ ಮೋರ್ ಡಿಫಿಕಲ್ಟ್’. ಇದರ ಮುಂದೆ ‘ದ್ಯಾನ್’ ಬರುವುದಿಲ್ಲ.

ಕಡಿಮೆ ಎನ್ನುವಾಗ ‘ಲೆಸ್ ಟಾಲ್’ ಎನ್ನುವವರು ಅಪರೂಪ. ‘ಅವನಷ್ಟು ಎತ್ತರ ಇಲ್ಲ’ ಎಂಬ ನಮ್ಮ ಮಾತಿಗೆ ಅಳೆದು ಹೊಲಿದಂತೆ ಹೊಂದುವುದು ‘ನಾಟ್ ಆ್ಯಸ್ ಟಾಲ್ ಆ್ಯಸ್ ಹಿಮ್’. ‘ಆ್ಯಸ್’ಗಳ ನಡುವೆ ಗುಣವಾಚಕ ಬರಿಯಾಗಿಯೇ ಇರಬೇಕು, ‘ಆ್ಯಸ್ ಟಾಲರ್ ಆ್ಯಸ್’ ತಪ್ಪು. ‘ಲೆಸ್’ ಉದ್ದ ಪದಗಳಿಗೆ ಇರಲಿ: ‘ಲೆಸ್ ಎಕ್ಸ್‌ಪೆನ್ಸಿವ್’.

‘ದ್ಯಾನ್ ಐ’ ಮತ್ತು ‘ದ್ಯಾನ್ ಮೀ’ ಜಗಳ ಹಳೆಯದು. ಮಾತಿನಲ್ಲಿ ‘ದ್ಯಾನ್ ಮೀ’ ಸಹಜ, ಗಂಭೀರ ಬರಹದಲ್ಲಿ ‘ದ್ಯಾನ್ ಐ ಆ್ಯಮ್’ ಎರಡೂ ಕಡೆಯವರಿಗೆ ಒಪ್ಪಿಗೆ. ಆದರೆ ‘ಶೀ ಲೈಕ್ಸ್ ಹಿಮ್ ಮೋರ್ ದ್ಯಾನ್ ಮೀ’ ಎಂಬಲ್ಲಿ ಅರ್ಥವೇ ಎರಡಾಗುತ್ತದೆ: ಅವಳಿಗೆ ನನಗಿಂತ ಅವನು ಇಷ್ಟವೋ, ಅವನೆಂದರೆ ನನಗಿರುವುದಕ್ಕಿಂತ ಅವಳಿಗೆ ಹೆಚ್ಚು ಇಷ್ಟವೋ? ಎರಡನೆಯದಾದರೆ ‘ದ್ಯಾನ್ ಐ ಡೂ’ ಎಂದು ಬಿಡಿಸಿ ಬರೆಯಲೇಬೇಕು.

ಒಂದು ಪ್ಯಾರಾವನ್ನು ತಿದ್ದಿ ನೋಡೋಣ

ಹಳೆಯ ಮನೆಯೊಂದನ್ನು ವರ್ಣಿಸುವ ನಾಲ್ಕು ಸಾಲು: ‘ದ ಹೌಸ್ ವಾಸ್ ವೆರಿ ಓಲ್ಡ್. ಇಟ್ ವಾಸ್ ಮೋರ್ ಕೋಲ್ಡರ್ ದ್ಯಾನ್ ಔಟ್‌ಸೈಡ್. ದ ಸ್ಟೇರ್ಸ್ ವರ್ ವೆರಿ ನ್ಯಾರೋ. ಇಟ್ಸ್ ಡೋರ್ ವಾಸ್ ಸ್ಮಾಲ್ ದ್ಯಾನ್ ಅವರ್ ಹೌಸ್.’

ಮೊದಲ ಸುತ್ತಿನಲ್ಲಿ ರೂಪ ಮಾತ್ರ. ‘ಮೋರ್ ಕೋಲ್ಡರ್’ನಿಂದ ‘ಮೋರ್’ ತೆಗೆಯಿರಿ. ಒಳಗನ್ನು ಹೊರಗಿಗೆ ಹೋಲಿಸುತ್ತಿರುವುದರಿಂದ ‘ಕೋಲ್ಡರ್ ಇನ್‌ಸೈಡ್ ದ್ಯಾನ್ ಔಟ್’ ಎಂದು ಎರಡನ್ನೂ ಹೆಸರಿಸಿ. ಬಾಗಿಲನ್ನು ಮನೆಗೆ ಹೋಲಿಸಿದ್ದು ತಪ್ಪು: ‘ಸ್ಮಾಲರ್ ದ್ಯಾನ್ ಅವರ್ಸ್’.

ಎರಡನೆಯ ಸುತ್ತಿನಲ್ಲಿ ಎರಡು ‘ವೆರಿ’ಗಳ ಮೇಲೆ ಕೈಯಿಡಿ. ಎಷ್ಟು ಹಳೆಯದು? ಸುತ್ತ ಮರಗಳಿವೆ, ‘ಓಲ್ಡರ್ ದ್ಯಾನ್ ದ ಟ್ರೀಸ್ ಅರೌಂಡ್ ಇಟ್’. ಮೆಟ್ಟಿಲು ಎಷ್ಟು ಇಕ್ಕಟ್ಟು? ಹತ್ತುವವರ ಮೈಯೇ ಅಳತೆಗೋಲು. ‘ನೋ ವೈಡರ್ ದ್ಯಾನ್ ಮೈ ಶೋಲ್ಡರ್ಸ್’.

ಈಗ ನಾಲ್ಕು ಸಾಲಿಗೆ ನಾಲ್ಕು ಹೋಲಿಕೆ ಆದವು. ಇದು ಅತಿ. ಒಂದರ ಹಿಂದೊಂದು ‘ದ್ಯಾನ್’ ಬಂದರೆ ಓದುಗ ತೂಕದ ಪಟ್ಟಿ ಓದಿದಂತಾಗುತ್ತದೆ, ಒಂದು ಚಿತ್ರ ಕುದುರುವ ಮುಂಚೆ ಇನ್ನೊಂದು ಬಂದು ಅಳಿಸುತ್ತದೆ. ಯಾವುದನ್ನು ಬಿಡಬೇಕು? ‘ಅವರ್ಸ್’ ಎಂದಾಗ ನಮ್ಮ ಬಾಗಿಲು ಎಷ್ಟಿದೆ ಎಂದು ಓದುಗನಿಗೆ ತಿಳಿಯದು, ಹಾಗಾಗಿ ಬಾಗಿಲಿಗೆ ಬರೀ ‘ಲೋ’ ಸಾಕು. ಒಳಗೆ ಹೊರಗಿಗಿಂತ ತಣ್ಣಗಿತ್ತು ಎಂಬುದು ಮನೆಯ ಹಳೆತನವನ್ನೂ ಹೇಳುವುದರಿಂದ ಮರಗಳ ಹೋಲಿಕೆಯೂ ಬೇಡ. ಬಾಗಿಲಿನಿಂದ ಒಳಕ್ಕೆ, ಒಳಗಿನಿಂದ ಮೆಟ್ಟಿಲಿಗೆ ಎಂಬ ನಡಿಗೆಯ ಕ್ರಮ ಹಿಡಿದು ಜೋಡಿಸಿದರೆ: ‘ದ ಡೋರ್ ಆಫ್ ದ ಓಲ್ಡ್ ಹೌಸ್ ವಾಸ್ ಲೋ. ಇಟ್ ಫೆಲ್ಟ್ ಕೋಲ್ಡರ್ ಇನ್‌ಸೈಡ್ ದ್ಯಾನ್ ಔಟ್. ದ ಸ್ಟೇರ್ಸ್ ವರ್ ನೋ ವೈಡರ್ ದ್ಯಾನ್ ಮೈ ಶೋಲ್ಡರ್ಸ್.’

ಕೊನೆಗೆ ಗಟ್ಟಿಯಾಗಿ ಓದಿ. ‘ದ್ಯಾನ್’ ಅನ್ನು ಬಿಡಿಯಾಗಿ ಒತ್ತಿ ಹೇಳಬೇಡಿ. ನಡೆಯುವ ಮಾತಿನಲ್ಲಿ ಅದು ‘ದನ್’ ಎಂದು ಕುಗ್ಗಿ ಹಾದುಹೋಗುತ್ತದೆ. ಒತ್ತು ಬೀಳಬೇಕಾದದ್ದು ‘ವೈಡರ್’ನ ‘ವೈ’ ಮೇಲೆ ಮತ್ತು ‘ಶೋಲ್ಡರ್ಸ್’ನ ‘ಶೋಲ್’ ಮೇಲೆ. ಆ ಎರಡು ಒತ್ತುಗಳ ನಡುವೆ ಉಸಿರು ಸಾಲದೆ ಹೋದರೆ ‘ದ್ಯಾನ್’ ಆಚೆಯ ಭಾಗ ಉದ್ದವಾಗಿದೆ ಎಂದು ಅರ್ಥ, ಅಲ್ಲಿಂದ ಎರಡು ಪದ ಕಿತ್ತು ಮತ್ತೆ ಓದಿ.